ನೋಡುವುದು ಮಾತ್ರ

ಜಲಜಕ್ಕನಿಗೆ ಆಗ ನಲವತ್ತೊಂಬತ್ತು. ಫಳ್ನೀರಿನ ಒಂದು ಆಸ್ಪತ್ರೆಯ ಕಾರ್ಡು ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಸವೆಸಿದ್ದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿತ್ತು. ಆಮೇಲೆ ಅಣ್ಣಂದಿರೂ ಆ ಸುದ್ದಿ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಉರ್ವದಲ್ಲಿ ಬಾಡಿಗೆಯ ಒಂದು ಕೋಣೆ. ಬೆಳಿಗ್ಗೆ ಸಿಟಿ ಬಸ್ಸು, ಸಂಜೆ ಸಿಟಿ ಬಸ್ಸು. ಅವಳ ಬದುಕು ಅಂತ ಏನಿತ್ತೋ ಅದೆಲ್ಲ ನಡುವಿನ ಎಂಟು ಗಂಟೆಯಲ್ಲೇ ಇತ್ತು.

ರೋಗಿಗಳ ಕಾರ್ಡಿನ ಮೇಲ್ತುದಿಯಲ್ಲಿ ಅವಳು ಕೆಂಪು ಶಾಯಿಯಿಂದ, ದುಂಡಗಿನ ಕನ್ನಡದಲ್ಲಿ, ಅವರ ಮೈಗೆ ಆಗದ ಮದ್ದಿನ ಒಂದು ಸಾಲು ಬರೆಯುತ್ತಿದ್ದಳು: ‘ಸಲ್ಫಾ ಆಗುವುದಿಲ್ಲ’, ‘ಪೆನ್ಸಿಲಿನ್ ಆಗುವುದಿಲ್ಲ’. ಯಾರೂ ವಹಿಸಿದ ಕೆಲಸವಲ್ಲ. ನಂತೂರಿನ ಹೊಟೇಲಿನಲ್ಲಿ ಅಡುಗೆ ಮಾಡುವ ಸಂಕಪ್ಪ ಒಮ್ಮೆ ಪೆನ್ಸಿಲಿನ್ ಚುಚ್ಚಿಸಿಕೊಂಡು, ಮುಖವೆಲ್ಲ ಬಾತು, ಉಸಿರು ಸಿಕ್ಕಿಕೊಂಡು, ಸತ್ತೇ ಹೋದ ಎನ್ನುವಾಗ ಬದುಕಿಕೊಂಡ. ಅದನ್ನು ಕಣ್ಣಾರೆ ಕಂಡ ದಿನದಿಂದ ಶುರುವಾದ ಅಭ್ಯಾಸ ಅದು. ಡಾಕ್ಟರುಗಳು ಕಾರ್ಡು ಕೈಗೆ ಬಂದ ಕೂಡಲೇ ಮೊದಲು ಆ ಕೆಂಪು ಸಾಲನ್ನೇ ಹುಡುಕುತ್ತಿದ್ದರು.

ಎಂಬತ್ತೆಂಟರಲ್ಲಿ ಕಂಪ್ಯೂಟರು ಬಂತು. ಕಾರ್ಡು ಕೋಣೆಗೊಂದು, ತುರ್ತು ವಿಭಾಗಕ್ಕೊಂದು, ಆಫೀಸಿಗೊಂದು ಪರದೆ. ಅದನ್ನು ಕೂರಿಸಲು ಬೊಂಬಾಯಿಯಿಂದ ಆಂಬ್ರೋಸ್ ಎಂಬವನು ಬಂದ. ಅವನ ತಾಯಿಯ ಊರು ಇದೇ ಆದರೂ ಬೆಳೆದದ್ದು ಅಲ್ಲಿ, ಕನ್ನಡ ಅರೆಬರೆ. ಯಾರ್ಯಾರಿಗೆ ಎಷ್ಟೆಷ್ಟು ಪರ್ಮಿಷನ್ ಎಂದು ಅವನು ಒಂದು ಪಟ್ಟಿ ಮಾಡಬೇಕಿತ್ತು. ಕೆಲವರು ಪರದೆಯಲ್ಲಿ ನೋಡಬಹುದು, ಕೆಲವರು ಬರೆಯಬಹುದು, ಅಳಿಸುವುದು ಮಾತ್ರ ಆಫೀಸಿನ ದೊಡ್ಡವರಿಗೆ.

“ಈ ಕಾರ್ಡಿನ ಕೆಲಸ ಎಲ್ಲ ಯಾರು ಮೇಡಂ?” ಎಂದು ಕೇಳಿದ.

“ಅದೆಲ್ಲ ನಾನು ನೋಡುವುದು,” ಎಂದಳು ಜಲಜಕ್ಕ.

ಪೆನ್ನು ಹಿಡಿದವನು ಒಂದು ಗಳಿಗೆ ತಡೆದ. “ನೀವು ನೋಡುವುದು ಮಾತ್ರ?”

“ಹೌದು ಮಾರಾಯ್ರೆ, ನಾನು ಮಾತ್ರ. ಇಪ್ಪತ್ತಮೂರು ವರ್ಷ ಆಯ್ತು!”

ಎಂತಹ ಹೆಮ್ಮೆಯಿಂದ ಹೇಳಿದಳು ಗೊತ್ತುಂಟಾ? ನಮ್ಮಲ್ಲಿ ಮನೆ ನೋಡುವುದು, ಅಂಗಡಿ ನೋಡುವುದು, ಮುದಿ ತಾಯಿಯನ್ನು ನೋಡುವುದು ಎಂದರೆ ಅದರ ಹೊರೆಯೆಲ್ಲ ಹೊರುವುದು ಎಂದೇ ಅರ್ಥ. ಆ ಪುಣ್ಯಾತ್ಮನಿಗೆ ಅದು ತಿಳಿಯಬೇಕಲ್ಲ! ಅವಳ ಹೆಸರಿನ ಮುಂದೆ ‘ನೋಡಬಹುದು’ ಎಂದಷ್ಟೇ ಗುರುತು ಹಾಕಿದ. ಆಫೀಸಿನ ಮುಖ್ಯಸ್ಥರಾದ ಹೃಷೀಕೇಶ ರಾಯರು ಪಟ್ಟಿಯನ್ನು ಓದದೆಯೇ ಸಹಿ ಹಾಕಿದರು. ಆಂಬ್ರೋಸ್ ಬೊಂಬಾಯಿ ಬಸ್ಸು ಹತ್ತಿದ.

ಹಳೆಯ ಕಾರ್ಡುಗಳನ್ನೆಲ್ಲ ಯಂತ್ರಕ್ಕೆ ತುಂಬಿಸಿದವಳು ಹೊಸದಾಗಿ ಸೇರಿದ ಆಶಾಲತಾ. ಚುರುಕಿನ ಹುಡುಗಿ, ಅದರಲ್ಲಿ ಸುಳ್ಳಿಲ್ಲ. ಆದರೆ ಯಂತ್ರಕ್ಕೆ ಕನ್ನಡ ಬಾರದು, ಹಾಗಾಗಿ ಕನ್ನಡದಲ್ಲಿದ್ದದ್ದನ್ನು ಅವಳು ಬಿಟ್ಟುಬಿಟ್ಟಳು. ಬಿಟ್ಟ ಜಾಗದಲ್ಲಿ ಯಂತ್ರ ತಾನಾಗಿಯೇ ‘ನಿಲ್’, ಅಂದರೆ ಏನೂ ಇಲ್ಲ, ಎಂದು ತುಂಬಿಕೊಂಡಿತು. ಡಾಕ್ಟರುಗಳು ಕಾರ್ಡು ತರಿಸುವುದನ್ನು ಬಿಟ್ಟು ಪರದೆಯನ್ನೇ ನೋಡತೊಡಗಿದರು.

ಒಂದು ಶುಕ್ರವಾರ ಜಲಜಕ್ಕ ಕಾರ್ಡನ್ನೂ ಪರದೆಯನ್ನೂ ತಾಳೆ ಹಾಕುತ್ತ ಕುಳಿತಿದ್ದಾಗ ಸಂಕಪ್ಪನ ಹೆಸರು ಬಂತು. ಆಗದ ಮದ್ದು: ನಿಲ್. ತಿದ್ದಲು ಹೋದರೆ ಯಂತ್ರ ಕಿರ್ ಎಂದು ಕೂಗಿತು, ಒಂದಕ್ಷರವೂ ಮೂಡಲಿಲ್ಲ. ಬರೆಯುವ ಪರ್ಮಿಷನ್ ಇದ್ದ ಆಶಾಲತಾ ಆ ವಾರ ರಜೆಯಲ್ಲಿದ್ದಳು. ಸಂಜೆಯೊಳಗೆ ಅಂಥ ಹನ್ನೊಂದು ಹೆಸರು ಸಿಕ್ಕಿದವು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ತುರ್ತು ವಿಭಾಗದ ಪರದೆಯ ಪಕ್ಕದ ಗೋಡೆಗೆ ಅಂಟಿಸಿ, ರಾಯರ ಕೋಣೆಗೆ ಓಡಿದಳು.

“ಸರ್, ನನಗೆ ಬರೆಯುವ ಪರ್ಮಿಷನ್ ಕೊಡಿ. ಇಲ್ಲದಿದ್ರೆ ನೀವೇ ತಿದ್ದಿ. ಇದು ಜೀವದ ಪ್ರಶ್ನೆ.”

ರಾಯರ ಬೀರುವಿನಲ್ಲಿ ಆಂಬ್ರೋಸ್ ಅರಗು ಹಾಕಿ ಕೊಟ್ಟ ಲಕೋಟೆ ಇತ್ತು. ಪಟ್ಟಿ ಬದಲಿಸುವ ಪಾಸ್‌ವರ್ಡ್ ಅದರೊಳಗೆ. ಅದನ್ನು ಒಡೆಯಲು ಅವರಿಗೆ ಹೆದರಿಕೆ. “ನಾನು ಮುಟ್ಟಿ ಎಂತಾದ್ರೂ ಹೆಚ್ಚು ಕಡಿಮೆ ಆದ್ರೆ? ಸೋಮವಾರ ಬೊಂಬಾಯಿಗೆ ಫೋನ್ ಮಾಡಿ ಕೇಳುವ. ಮತ್ತೆ ಆ ಗೋಡೆಯ ಚೀಟಿ ತೆಗೀರಿ ಜಲಜಾಕ್ಷಿಯವರೇ. ಇಷ್ಟು ಖರ್ಚು ಮಾಡಿ ಕಂಪ್ಯೂಟರು ಹಾಕಿ, ಪುನಃ ಚೀಟಿಯಾ?”

ಅವಳು ತೆಗೆಯಲಿಲ್ಲ. ಶನಿವಾರ ಅವರೇ ತೆಗೆಸಿದರು. ಆಮೇಲೆ ತಂಗಿಯ ಮಗಳ ಮದುವೆಗೆಂದು ಉಡುಪಿಗೆ ಹೋದರು. ಬರಿಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಜಲಜಕ್ಕ ಬಸ್ಸಿನಲ್ಲಿ ಮನೆಗೆ ಬಂದಳು. ಆದಿತ್ಯವಾರ ಅವಳಿಗೆ ರಜೆ.

ಸೋಮವಾರ ರಾಯರು ಒಳ್ಳೆಯ ಮನಸ್ಸಿನಲ್ಲಿದ್ದರು. ಬೊಂಬಾಯಿಗೆ ಫೋನು ಸಿಕ್ಕಿತು, ಲಕೋಟೆ ಒಡೆಯಿತು, ಆಂಬ್ರೋಸ್ ಹೇಳಿದ ಹಾಗೆ ಇವರು ಕೀಲಿಗಳನ್ನು ಒತ್ತಿದರು. ಐದೇ ನಿಮಿಷ! ಅಯ್ಯೋ ದೇವರೇ, ಶುಕ್ರವಾರ ಈ ಐದು ನಿಮಿಷ ಎಲ್ಲಿ ಸತ್ತಿತ್ತು?

“ಹ್ಞಾಂ, ಇನ್ನು ಬರೀರಿ,” ಎಂದರು.

ಜಲಜಕ್ಕ ಮೊದಲು ತೆರೆದದ್ದು ಸಂಕಪ್ಪನ ಹೆಸರನ್ನು. ‘ನಿಲ್’ ಇದ್ದ ಜಾಗಕ್ಕೆ, ಇಂಗ್ಲಿಷಿನ ಒಂದೊಂದೇ ಅಕ್ಷರ ಹುಡುಕಿ ಪೆನ್ಸಿಲಿನ್ ಎಂದು ಒತ್ತಿದಳು. ಈ ಸಲ ಯಂತ್ರ ತಕರಾರು ಮಾಡಲಿಲ್ಲ. ಕೆಳಗಿನ ಸಾಲಿಗೆ ಅವಳ ಕಣ್ಣು ಹೋದದ್ದು ಆಮೇಲೆ. ತುರ್ತು ವಿಭಾಗದವರು ಆದಿತ್ಯವಾರ ಮಧ್ಯಾಹ್ನ ತುಂಬಿಸಿದ ಸಾಲು. ನಂತೂರಿನಲ್ಲಿ ಲಾರಿ ತಾಗಿದ್ದು, ಕಾಲಿಗೆ ಗಾಯ, ಪ್ರಜ್ಞೆ ಇಲ್ಲ, ಪೆನ್ಸಿಲಿನ್ ಇಂಜೆಕ್ಷನ್. ಅದರಿಂದ ಇಪ್ಪತ್ತು ನಿಮಿಷಕ್ಕೆ ಮರಣ. ಅವಳು ಅದನ್ನು ಮೂರು ಸಲ ಓದಿದಳು. ಆ ಚೀಟಿಗಾಗಿ ರಾಯರ ಹತ್ತಿರ ಜಗಳವಾಡದೆ ಮನೆಗೆ ಹೋದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು.

ಮರಣದ ಸರ್ಟಿಫಿಕೇಟಿಗೆಂದು ಹತ್ತು ಗಂಟೆಗೆ ಸಂಕಪ್ಪನ ಹೆಂಡತಿ ಸುಂದರಿ ಬಂದಳು. ಜಲಜಕ್ಕನನ್ನು ಕಂಡದ್ದೇ ಅವಳ ಕೈ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತಳು.

“ಇವರಿಗೆ ಮಾತೇ ಇರ್ಲಿಲ್ಲ ಜಲಜಕ್ಕ. ಯಾವ ಮದ್ದು ಆಗುದಿಲ್ಲ ಅಂತ ಡಾಕ್ಟ್ರು ನನ್ನ ಹತ್ರ ಎರಡು ಸಲ ಕೇಳಿದ್ರು. ನನಗೆ ಆ ಹೆಸ್ರು ಎಲ್ಲಿ ಗೊತ್ತು? ಎಲ್ಲ ಜಲಜಕ್ಕ ಬರ್ದಿಟ್ಟಿದ್ದಾರೆ, ಅದ್ರಲ್ಲಿ ಹುಡುಕಿ ಅಂತ ಹೇಳಿದೆ. ಅವರು ಹುಡುಕಿಯೇ ಇಂಜೆಕ್ಷನ್ ಕೊಟ್ಟದ್ದು. ಮತ್ತೆ ಯಾಕೆ ಹೀಗಾಯ್ತು?”

ಜಲಜಕ್ಕನ ಕಣ್ಣಿನಿಂದ ದಳದಳನೆ ನೀರಿಳಿಯಿತು.

“ನೀವು ಅಳ್ಬೇಡಿ ಜಲಜಕ್ಕ,” ಎಂದು ಸುಂದರಿ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. “ನಿಮ್ಮದೆಂತ ತಪ್ಪುಂಟು? ನೀವು ಬರ್ದಿದ್ದೀರಲ್ಲ.”