ಊದಿನಕಡ್ಡಿ ಉರಿಯುವ ತನಕ

ನಾನು ಚಿಕ್ಕವನಿದ್ದಾಗ ಮನೆಯಲ್ಲಿ ನನಗೊಂದು ಕೆಲಸವಿತ್ತು, ಅದನ್ನು ಬಹಳ ಜಂಬದಿಂದ ಮಾಡುತ್ತಿದ್ದೆ. ಅಪ್ಪ ಎಲ್ಲಿಗಾದರೂ ಹೊರಟರೆ ನಾನು ಮೊದಲು ಓಣಿಗೆ ಓಡಿಹೋಗಿ ಆಚೆ ಈಚೆ ನೋಡಬೇಕು. ಖಾಲಿ ಕೊಡ ಹೊತ್ತವರು ಬರುತ್ತಿಲ್ಲ, ಬೆಕ್ಕು ಅಡ್ಡ ಹೋಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು "ಯಾರೂ ಇಲ್ಲಪಾ, ಬಾ" ಎಂದು ಕೂಗಬೇಕು. ಅದಕ್ಕೂ ಮೊದಲು ಅಂಗಳದಲ್ಲಿ ಅತ್ತಿ ಇಲ್ಲವೆಂದು ನೋಡಬೇಕು.

ಅತ್ತಿ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದುಬಿಟ್ಟಿದ್ದಳು. ಬಳೆಯಿಲ್ಲದ ಕೈ, ಕುಂಕುಮವಿಲ್ಲದ ಹಣೆಯ ಮೇಲೆ ಬರೀ ವಿಭೂತಿ. ಅಂಥ ಹೆಂಗಸು ಎದುರಿಗೆ ಬಂದರೆ ಹೊರಟ ಕೆಲಸ ಕೆಡುತ್ತದೆ ಎಂದು ಊರೆಲ್ಲ ನಂಬಿತ್ತು, ನಾನೂ ನಂಬಿದ್ದೆ. "ಅತ್ತಿ, ಅಪ್ಪ ಹೊಂಟಾನ" ಎಂದರೆ ಸಾಕು, "ಹೌದೇನಪಾ? ಹೋದೆ, ಹೋದೆ" ಎನ್ನುತ್ತ ಕೈಯಲ್ಲಿನ ಕೆಲಸ ಬಿಟ್ಟು ದನದ ಕೊಟ್ಟಿಗೆ ಸೇರುತ್ತಿದ್ದಳು. ನನಗೆ ಅದು ಕಣ್ಣಾಮುಚ್ಚಾಲೆ ಆಟ. ಅಪ್ಪ ಹೋದ ಮೇಲೆ ನಾನು ಹೋಗಿ ಕರೆದರೆ ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ಕೊಡುತ್ತಿದ್ದಳು. ಅವ್ವನಿಗೆ ಹೊಲದ ಕೆಲಸವೇ ಮುಗಿಯುತ್ತಿರಲಿಲ್ಲ. ಅಕ್ಕನನ್ನೂ ನನ್ನನ್ನೂ ಎತ್ತಿ ಆಡಿಸಿ ಬೆಳೆಸಿದವಳು ಅತ್ತಿಯೇ.

ಅದು ಹೆಸರುಕಾಯಿ ಬಿಡಿಸುವ ಕಾಲ. ಹಿಂದಿನ ದಿನ ಮಳೆಯಾಗಿತ್ತು, ಓಣಿಯ ತುಂಬ ಹಸಿ ಎರೆಮಣ್ಣಿನ ವಾಸನೆ. ಅಕ್ಕ ಅಪ್ಪ ಅವ್ವನ ಜೊತೆ ಹೊಲಕ್ಕೆ ಹೋಗಿದ್ದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡುತ್ತ ಬಂದ. ಹೆಸರು ಬಳ್ಳಿಯ ಕೆಳಗಿದ್ದ ಹಾವು ಅವಳ ಕಾಲಿಗೆ ಕಚ್ಚಿತ್ತು. ಮಂತ್ರ ಹಾಕಿಸೋಣ ಎಂದವರನ್ನು ಅಪ್ಪ ಗದರಿಸಿ ಅಣ್ಣಿಗೇರಿಯ ದವಾಖಾನೆಗೆ ಹೋಗಲು ಚಕ್ಕಡಿ ಹೂಡಿದ. ಅಷ್ಟರ ಮಟ್ಟಿಗೆ ಅಪ್ಪ ಧೈರ್ಯವಂತ. ಆದರೂ ನನ್ನ ಕಡೆ ತಿರುಗಿ, "ಲೇ, ಓಣ್ಯಾಗ ನೋಡಿ ಬಾ" ಅನ್ನುವುದನ್ನು ಮಾತ್ರ ಬಿಡಲಿಲ್ಲ.

ನಾನು ನೋಡಿದೆ, ಓಣಿ ಖಾಲಿಯಿತ್ತು. ಯಾರೂ ಹೇಳದೆಯೇ ಅತ್ತಿ ಕೊಟ್ಟಿಗೆ ಸೇರಿದ್ದಳು. ಚಕ್ಕಡಿಯಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟಿದ್ದ ಅಕ್ಕ, "ಅತ್ತಿ ಎಲ್ಲಿ? ಅತ್ತಿನ್ನ ಕರೀರಿ" ಎಂದು ಅಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಕೊಟ್ಟಿಗೆಗೆ ಓಡಿ, "ಅತ್ತಿ, ಅಕ್ಕ ನಿನ್ನ ಕರಿಯಾಕತ್ತಾಳ, ಬಾ" ಎಂದೆ. ಅವಳು ಕಂಬ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಓಡಿಬಂದವಳು ನೇರವಾಗಿ ಎತ್ತುಗಳ ಎದುರಿಗೇ ಬಂದುಬಿಟ್ಟಳು.

"ಹಾಳಾದಾಕಿ, ಎದುರಿಗೇ ಬಂದ್ಯಲ್ಲಬೇ! ಚಕ್ಕಡಿ ನಿಂದರಸ್ರಿ!" ಎಂದು ಚೀರಿದವಳು ಆಯಿ, ಅಪ್ಪನ ತಾಯಿ. ಅತ್ತಿಯನ್ನು ಹೆತ್ತವಳೂ ಅವಳೇ.

"ಯವ್ವಾ, ಹೊತ್ತಾಗತೈತಿ" ಎಂದ ಅಪ್ಪ.

"ಇಂಥಾ ಶಕುನದಾಗ ಹೊಂಟ್ರ ಕೂಸು ಉಳೀತೈತೇನು? ಇಳೀರಿ. ನೀರು ಕುಡದು, ಕುಂತು ಹೋಗ್ರಿ."

ನಮ್ಮ ಮನೆಯ ಪದ್ಧತಿ ಹಾಗಿತ್ತು. ಅಪಶಕುನವಾದರೆ ಕೊಳ್ಳು ಹರಿದು, ಎಂದರೆ ನೊಗದಿಂದ ಎತ್ತು ಬಿಚ್ಚಿ, ಒಳಗೆ ಬರಬೇಕು. ದೇವರ ಮುಂದೆ ಹಚ್ಚಿದ ಊದಿನಕಡ್ಡಿ ಪೂರ್ತಿ ಉರಿಯುವ ತನಕ ಕೂಡಬೇಕು. ಅಪ್ಪ ಆಯಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಎತ್ತಿನ ಕೊಳ್ಳು ಬಿಚ್ಚಿದ. ಪಡಸಾಲೆಯಲ್ಲಿ ಎಲ್ಲರೂ ಕಡ್ಡಿ ನೋಡುತ್ತ ಕೂತೆವು. ಬೂದಿ ಸ್ವಲ್ಪ ಸ್ವಲ್ಪವೇ ಬೀಳುತ್ತಿತ್ತು. ಜೋರಾಗಿ ಊದಿದರೆ ಕಡ್ಡಿ ಬೇಗ ಉರಿದೀತೇನೋ ಎಂದು ನಾನು ಊದಲು ಹೋಗಿ ಬೈಸಿಕೊಂಡೆ. ಅಕ್ಕನ ರೆಪ್ಪೆಗಳು ಆಗಲೇ ಭಾರವಾಗಿ ಇಳಿಯುತ್ತಿದ್ದವು. ಈಗಲೂ ಊದಿನಕಡ್ಡಿಯ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಕಡ್ಡಿ ಉರಿದು ಮುಗಿದ ಮೇಲೆ ಹೊರಟೆವು. ನಾನೂ ಹಟ ಮಾಡಿ ಹತ್ತಿದ್ದೆ. ಗಾಲಿಗೆ ಎರೆಮಣ್ಣು ಮೆತ್ತಿಕೊಳ್ಳುತ್ತಿತ್ತು, ಅಪ್ಪ ಎತ್ತುಗಳನ್ನು ಬಾರಿಸುತ್ತ ಅಳುತ್ತಿದ್ದ. ದೂರದಲ್ಲಿ ಅಣ್ಣಿಗೇರಿಯ ಮನೆಗಳು ಕಂಡವು. "ಅಕ್ಕಾ, ಊರು ಬಂತು ನೋಡು" ಎಂದೆ. ಅವಳು ಕಣ್ಣು ತೆರೆಯಲಿಲ್ಲ. ಅವ್ವ ಅವಳ ಮೂಗಿನ ಹತ್ತಿರ ಕೈ ಹಿಡಿದು, ಹಾಗೇ ಅವಳ ಮೇಲೆ ಬಿದ್ದು ಗೋಳಾಡಿದಳು. ದವಾಖಾನೆಗೆ ಅಲ್ಲಿಂದ ಇನ್ನೊಂದು ಊದಿನಕಡ್ಡಿ ಉರಿಯುವಷ್ಟು ಹೊತ್ತಿನ ದಾರಿ ಉಳಿದಿತ್ತು.

ಸಾವಿನ ಮನೆಯೆಂದು ಮಾತನಾಡಿಸಲು ಬಂದವರೆಲ್ಲ, "ಅಕಿ ಎದುರಿಗೆ ಬಂದ್ಲು, ಅದಕ್ಕ ಹಿಂಗಾತು" ಎಂದೇ ಹೇಳಿಹೋದರು. ಕೂತು ಕಳೆದ ಹೊತ್ತಿನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. "ನಿನ್ನ ಹೊರಗ ಕರದವರು ಯಾರಬೇ?" ಎಂದು ಆಯಿ ಕೇಳಿದಾಗ ನಾನು ಅವ್ವನ ಬೆನ್ನ ಹಿಂದೆ ಕೂತಿದ್ದೆ. ಅತ್ತಿ ನನ್ನ ಕಡೆ ನೋಡಲೂ ಇಲ್ಲ.

"ಯಾರೂ ಕರದಿಲ್ಲ ಯವ್ವಾ. ನಾನಾಗೇ ಬಂದೆ" ಎಂದಳು.

ನಾನು ಬಾಯಿ ಬಿಡಲಿಲ್ಲ. ಆವತ್ತೂ ಬಿಡಲಿಲ್ಲ, ದೊಡ್ಡವನಾದ ಮೇಲೂ ಬಿಡಲಿಲ್ಲ. ಅಕ್ಕನನ್ನು ಕೊಂದವಳು ತಾನೇ ಎಂದು ಅತ್ತಿ ಮನಸಾರೆ ನಂಬಿದಳು. ಆಮೇಲೆ ಓಣಿಯಲ್ಲಿ ಯಾರದೇ ಚಕ್ಕಡಿಯ ಸಪ್ಪಳ ಕೇಳಿದರೂ ಓಡಿಹೋಗಿ ಕೊಟ್ಟಿಗೆ ಸೇರುತ್ತಿದ್ದಳು. ಸಾಯುವ ತನಕ ನನಗೆ ಶೇಂಗಾ ಕೊಡುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ನುಂಗುವುದು ನನಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಮಕ್ಕಳೇ, ಈಗ ನಮ್ಮೂರಿಗೆ ಡಾಂಬರು ರಸ್ತೆಯಿದೆ, ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೆ ನಿಮ್ಮ ಅಪ್ಪ ಹೊಸ ಕಾರಿನ ಮುಂದೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾನೆ. ಎದುರು ಮನೆಯ ಕಾಕು, ಅದೇ ಈ ವರ್ಷ ಗಂಡನನ್ನು ಕಳೆದುಕೊಂಡವಳು, ಮೊನ್ನೆ ನೀವು ಪರೀಕ್ಷೆಗೆ ಹೊರಟಾಗ ಕಸಬರಿಗೆ ಬಿಟ್ಟು ಬಾಗಿಲ ಹಿಂದೆ ಸರಿದಳು. "ಅಜ್ಜಾ, ಕಾಕು ಯಾಕ ಒಳಗ ಹೋದ್ಲು?" ಎಂದು ನೀವು ಕೇಳಿದಿರಿ. ನಾನು ಕನ್ನಡಕ ಒರೆಸುತ್ತ "ಹೊತ್ತಾತು, ನಡೀರಿ" ಎಂದು ಮಾತು ತೇಲಿಸಿದೆ. ಅದಕ್ಕೆ ಉತ್ತರ ಇದು.

ನಾಳೆ ಶಾಲೆಗೆ ಹೊರಡುವಾಗ ಅವಳ ಬಾಗಿಲು ಬಡಿದು ಹೊರಗೆ ಕರೆಯಿರಿ. ಎದುರಿಗೇ ನಿಲ್ಲಿಸಿ ಹೋಗಿಬರುತ್ತೇವೆಂದು ಹೇಳಿ. ಯಾರು ಕರೆದರು ಎಂದು ಮನೆಯಲ್ಲಿ ಯಾರಾದರೂ ಸಿಟ್ಟಾಗಿ ಕೇಳಿದರೆ, ನಾವೇ ಕರೆದೆವು ಎಂದು ಎಲ್ಲರ ಮುಂದೆ ಹೇಳಿ. ನಾನು ಅದೊಂದು ಮಾತು ಹೇಳಲಿಲ್ಲ.