ಐವತ್ತು ಹಲ್ಲಿನ ಬುರುಡೆ ಮತ್ತು ನಮ್ಮತ್ತೆ

ಸೋಮವಾರ ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಮ್ಮದು. ಅಂಥ ಮನೆಗೆ ಸೋಮವಾರವೇ ಒಂದು ತಲೆಬುರುಡೆ ತಂದವಳು ನಾನು.

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ನಮ್ಮ ವಾಸ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮರುದಿನದ ಪಾಠಕ್ಕೆ ತಯಾರಾಗಲೆಂದು ಒಪೋಸಮ್ಮಿನ ಬುರುಡೆ ತಂದು ಮೇಜಿನ ಮೇಲಿಟ್ಟಿದ್ದೆ. ಒಪೋಸಮ್ ಅಮೆರಿಕದ ಪ್ರಾಣಿ; ಬೆಕ್ಕಿನಷ್ಟು ಗಾತ್ರ, ಕಾಂಗರೂವಿನಂತೆ ಮರಿಗಳನ್ನು ಹೊಟ್ಟೆಚೀಲದಲ್ಲಿ ಸಾಕುತ್ತದೆ. ಅತ್ತೆ ನೋಡಿದ್ದೇ ತಡ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಕೂಗಾಡಿದರು.

"ಸ್ವಾಮಾರ ದಿವ್ಸ ಮನೇಗೆ ಮೂಳೆ ತಂದಿದ್ದೀಯಲ್ಲವ್ವ, ಓದ್ದೋಳ್ಗೆ ಇಷ್ಟೂ ಗ್ಯಾನ ಬ್ಯಾಡ್ವಾ?"

"ಮೂಳೆ ಅಲ್ಲ ಅತ್ತೆ, ಅಚ್ಚಲ್ಲಿ ಎರೆದಿರೋದು. ಗಣೇಶನ್ನ ಮಾಡಲ್ವಾ, ಹಂಗೆ."

ಸೆರಗು ಬಾಯಿಗೆ ಹೋದದ್ದು ಬುರುಡೆಯ ಭಯಕ್ಕಲ್ಲ. ಹಲ್ಲುಗಳನ್ನೆಲ್ಲ ಕೀಳಿಸಿದ ಮೇಲೆ ಅವರು ಮಾತಾಡುತ್ತಿದ್ದುದೇ ಹಾಗೆ. ಕಟ್ಟಿಸಿದ ಹಲ್ಲುಸೆಟ್ಟು ಡಬ್ಬಿಯಲ್ಲೇ ಉಳಿದಿತ್ತು. "ಬಾಯೊಳ್ಗೆ ಯಾರೋ ಬಾಡ್ಗೆಗೆ ಬಂದು ಕೂತಂಗಾಯ್ತದೆ" ಎನ್ನುವರು. ಊಟಕ್ಕೇನೂ ತೊಂದರೆಯಿರಲಿಲ್ಲ, ಮುದ್ದೆಯನ್ನು ನಮ್ಮ ಕಡೆ ಯಾರು ಅಗಿಯುತ್ತಾರೆ, ನುಂಗಿದರಾಯಿತು. ತೊಂದರೆಯಾದದ್ದು ಹಾಡಿಗೆ. ನಂಟರ ಮದುವೆಗಳಲ್ಲಿ ಸೋಬಾನೆ ಪದ ಹೇಳಿಕೊಡುತ್ತಿದ್ದವರು ನಮ್ಮತ್ತೆಯೇ. ಈಗ ಸಾಲಿಗ್ರಾಮದಲ್ಲಿ ಅವರ ತಂಗಿಯ ಮೊಮ್ಮಗಳ ಮದುವೆ ಬಂದಿತ್ತು.

"ನಾ ಬರಾಕಿಲ್ಲ ಕಣವ್ವ. ಪದ ಎಲ್ಲಾ ಗಾಳಿ ಆಗೋಯ್ತದೆ, ನಗ್ತಾರೆ" ಎಂದು ಪಟ್ಟು ಹಿಡಿದಿದ್ದರು. ಈ ಮದುವೆ ತಪ್ಪಿಸಿಕೊಂಡರೆ ಇನ್ನೆಂದೂ ಹಾಡುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಆ ದನಿಯಿಲ್ಲದ ಅತ್ತೆ ನನಗೆ ಬೇಕಿರಲಿಲ್ಲ.

ನನಗೋ ಮನೆಯಲ್ಲೂ ಪಾಠ ಮಾಡುವ ಚಾಳಿ. ಹಲ್ಲಿಲ್ಲದಿದ್ದರೆ ದವಡೆಮೂಳೆ ಸವೆಯುತ್ತದೆ, ಸೆಟ್ಟು ಹಾಕಿಕೊಳ್ಳಿ ಎಂದು ಅಂದೂ ಶುರುಮಾಡಿದೆ. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಕೈ ಸೆರಗಿನಲ್ಲಿ, ಇನ್ನೊಂದು ಬುರುಡೆಯ ಹಲ್ಲೆಣಿಸುವುದರಲ್ಲಿ. ಲೆಕ್ಕ ತಪ್ಪಿದಾಗ ನಾನೇ ಹೇಳಿದೆ.

"ಐವತ್ತಾ! ಶಿವ್ನೇ, ನಂಗೊಂದ್ ನಾಕು ಉಳ್ಸಬಾರ್ದಿತ್ತಾ?"

ಮುಂದುಗಡೆ ಮೇಲೆ ಹತ್ತು ಸಣ್ಣ ಬಾಚಿಹಲ್ಲು, ಕೆಳಗೆ ಎಂಟು, ಆಚೀಚೆ ಉದ್ದನೆಯ ಕೋರೆಗಳು. ನೆತ್ತಿಯ ಉದ್ದಕ್ಕೂ ಎದ್ದಿದ್ದ ಏಣು ದವಡೆಯ ಸ್ನಾಯು ಕಚ್ಚಿಕೊಳ್ಳುವ ಜಾಗ. ಮಿದುಳಿನ ಗೂಡು ಎಷ್ಟು ಚಿಕ್ಕದೆಂದು ಬೆರಳಿಟ್ಟು ತೋರಿಸಿದೆ.

"ಅದ್ಕೇ ನಿನ್ನಂಗೆ ಪಾಠ ಮಾಡಾಕಿಲ್ಲ, ಪುಣ್ಯಾತ್ಗಿತ್ತಿ" ಎಂದರು.

ಕೆಳದವಡೆಯ ಹಿಂದಿನ ಮೂಲೆ ಒಳಕ್ಕೆ ಬಾಗಿರುತ್ತದೆ. ಹೊಟ್ಟೆಚೀಲದ ಪ್ರಾಣಿಗಳ ದೊಡ್ಡ ಗುರುತು ಅದು. ಅತ್ತೆ ಅದನ್ನು ಹೆಬ್ಬೆರಳಿನಿಂದ ಸವರಿ, ತಮ್ಮ ದವಡೆಯನ್ನೂ ಮುಟ್ಟಿ ನೋಡಿಕೊಂಡರು.

"ಇಷ್ಟೊಂದು ಅಲ್ಲು ಮಡೀಕಂಡು ಎಲ್ರಿಗೂ ಕಚ್ತದಾ?"

"ಕಚ್ಚೋದು ಕಮ್ಮಿ ಅತ್ತೆ. ಹೆದರಿದಾಗ ಬಾಯಿ ಅಗಲಿಸಿ ಅಷ್ಟೂ ಹಲ್ಲು ತೋರಿಸುತ್ತೆ. ಅದಕ್ಕೂ ಎದುರಿನವರು ಹೋಗದಿದ್ರೆ ಸತ್ತಂಗೆ ಬಿದ್ಕೊಳ್ಳುತ್ತೆ."

ಅತ್ತೆ ಎರಡೂ ಕೈಯಲ್ಲಿ ಬುರುಡೆಗೆ ದವಡೆ ಜೋಡಿಸಿ ಹಿಡಿದು, ನನ್ನ ಮುಖದ ಮುಂದೆ ಅದರ ಬಾಯಿ ಬಿಡಿಸಿದರು. ಅದು ತೆರೆದ ಅಗಲ ನೋಡಿ ನಾನೇ ಹಿಂದಕ್ಕೆ ಸರಿದೆ. ಅವರು ನಕ್ಕರು. ಸೆರಗು ಹೆಗಲಲ್ಲೇ ಇತ್ತು. ಎಷ್ಟೋ ತಿಂಗಳಾದ ಮೇಲೆ ಆ ಬೊಚ್ಚುಬಾಯಿಯ ನಗು ಕಂಡೆ. ಅದು ಎಷ್ಟು ಮುದ್ದಾಗಿತ್ತೆಂದರೆ ಸೆಟ್ಟಿನ ಮಾತೇ ನನಗೆ ಮರೆತುಹೋಯಿತು.

"ನಡಿ, ಸಾಲಿಗ್ರಾಮಕ್ಕೆ ಓಗಾನ. ನಗೋರು ನಕ್ಕೊಳ್ಳಿ ಬುಡು" ಎಂದರು.

ಮದುವೆಯ ದಿನ ಚಪ್ಪರದಲ್ಲಿ ಹೆಂಗಸರು ಅವರನ್ನು ನಡುವೆ ಕೂರಿಸಿದರು. ನಾನು ಬ್ಯಾಗಿನಿಂದ ಸೆಟ್ಟಿನ ಡಬ್ಬಿ ತೆಗೆದು ಕೊಡಹೋದರೆ ಕೈ ತಳ್ಳಿದರು. ಮೊದಲ ಸಾಲು, ಅವರು ಹೆದರಿದ್ದಂತೆಯೇ, ಅರ್ಧಕ್ಕರ್ಧ ಗಾಳಿಯಾಯಿತು. ಯಾರೋ ಹುಡುಗಿಯರು ಕಿಸಕ್ಕೆಂದರು. ನಾನು ಮತ್ತೆ ಡಬ್ಬಿಗೆ ಕೈಹಾಕಿದೆ.

ಸೋಬಾನೆಯ ರೀತಿಯೆಂದರೆ, ಒಬ್ಬರು ಹೇಳಿದ ಸಾಲನ್ನು ಉಳಿದವರೆಲ್ಲ ಮತ್ತೆ ಹಾಡಬೇಕು. ಅತ್ತೆಯ ಬಾಯಲ್ಲೇ ಆ ಪದ ಕಲಿತಿದ್ದ ಹೆಂಗಸರು ಒಟ್ಟಿಗೆ ದನಿ ತೆಗೆದರು. ಅತ್ತೆಯಿಂದ ಜಾರಿಹೋಗಿದ್ದ ಒಂದೊಂದು ಅಕ್ಷರವೂ ಅಷ್ಟು ಬಾಯಿಗಳಿಂದ ಸ್ಪಷ್ಟವಾಗಿ ಕೇಳಿಸಿತು. ಅತ್ತೆ ಸುತ್ತ ಒಮ್ಮೆ ನೋಡಿದರು, ಆಮೇಲೆ ಬಾಯಿ ಪೂರ್ತಿ ತೆರೆದು ಎರಡನೆಯ ಸಾಲು ಹಿಡಿದರು. ನಾನೂ ಸೇರಿ ಹಾಡಿದೆ. ಅಳು ಒತ್ತರಿಸಿ ಬರುತ್ತಿದ್ದುದರಿಂದ, ಅಲ್ಲಿದ್ದವರಲ್ಲಿ ಪದ ಕೆಡಿಸಿದವಳು ನಾನೊಬ್ಬಳೇ.