ಡಿ ಕೋಣೆಗೆ ಹಾಕಿದ ಬೀಗ

ಅವನಿಗೆ ‘ಗ್ಯಾರಂಟಿ’ ಅನ್ನೋ ಹೆಸರು ಸುಮ್ಮನೆ ಬಿದ್ದದ್ದಲ್ಲ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಗಿರಾಕಿ ಬಾಯಿ ಬಿಡೋ ಮೊದಲೇ ಇವನ ತೀರ್ಪು ಹೊರಬೀಳುತ್ತಿತ್ತು: "ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಿ, ಮಷೀನ್ ನಡೆಸೋ ಓಎಸ್ ಹೊಸದು ಹಾಕ್ತೀನಿ. ಕುದುರೆ ಥರ ಓಡುತ್ತೆ, ಗ್ಯಾರಂಟಿ!" ಹತ್ತರಲ್ಲಿ ಎಂಟು ಸಲ ಓಡುತ್ತಲೂ ಇತ್ತು, ಅದೇ ಕೇಡಾಯಿತು ನೋಡಿ. ಎಂಟು ಸಲ ಗೆದ್ದವನು ಒಂಬತ್ತನೇ ಸಲ ಯಾರ ಮಾತು ಕೇಳುತ್ತಾನೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವನಿಗೊಬ್ಬಳು ಅಕ್ಕ. ಹೆರಿಗೆ ವಾರ್ಡಿನಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಅಮ್ಮ ಹೋದ ಮೇಲೆ ಇವನನ್ನು ಸಾಕಿದವಳೂ ಅವಳೇ. ಅವಳಿಗೊಂದು ಅಭ್ಯಾಸವಿತ್ತು. ಮಗು ಹುಟ್ಟಿದ ಹೊತ್ತು, ತೂಕ ಎಲ್ಲಾ ಆಸ್ಪತ್ರೆಯ ಪುಸ್ತಕಕ್ಕೆ. ತನ್ನ ಸ್ವಂತ ನೋಟ್‌ಬುಕ್ಕಿಗೆ ಮಾತ್ರ ತಾರೀಕಿನ ಮುಂದೆ ಒಂದೇ ಸಾಲು: ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ತಾಯಿ ಏನಂದಳು. "ಅಯ್ಯೋ, ಮೂಗು ಥೇಟ್ ನಮ್ಮತ್ತೆಯದು, ಮುಗೀತು ನನ್ನ ಕಥೆ" ಅಂದವಳಿದ್ದಳು. "ಇದನ್ನ ಎಲ್ಲಿ ಹಿಡ್ಕೋಬೇಕು?" ಅಂದವಳಿದ್ದಳು. ಒಂದೂ ಮಾತಾಡದೆ ಮಲಗಿಬಿಟ್ಟವಳೂ ಇದ್ದಳು. ಅವಳ ತಾರೀಕಿನ ಮುಂದೆ ಅಕ್ಕ ‘ನಿದ್ದೆ ಹೋದಳು’ ಅಂತ ಬರೆದಿದ್ದಳು. ಹೀಗೆ ಹನ್ನೊಂದು ನೋಟ್‌ಬುಕ್ ತುಂಬಿದ್ದವು.

ಅಕ್ಕ ನಿವೃತ್ತಳಾದ ಮೇಲೆ ಗ್ಯಾರಂಟಿ ತನ್ನ ಅಂಗಡಿಯಲ್ಲಿದ್ದ ಹಳೇ ಕಂಪ್ಯೂಟರೊಂದನ್ನು ತಂದುಕೊಟ್ಟು ಅಕ್ಕನಿಗೆ ಟೈಪಿಂಗ್ ಕಲಿಸಿದ. ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ, ನಾಲ್ಕು ವರ್ಷದಲ್ಲಿ ಅಷ್ಟನ್ನೂ ಒಳಗೆ ಸೇರಿಸಿದಳು ಮಹಾತಾಯಿ. ಆಗ ಇವನು, "ಈ ಕಸ ಇನ್ಯಾಕಕ್ಕ? ಎಲ್ಲಾ ಕಂಪ್ಯೂಟರಲ್ಲಿದೆಯಲ್ಲ" ಅಂದು ಹನ್ನೊಂದೂ ನೋಟ್‌ಬುಕ್ಕನ್ನು ತಾನೇ ದಾರದಲ್ಲಿ ಕಟ್ಟಿ ರದ್ದಿಗೆ ಹಾಕಿಬಂದ. ಅಕ್ಕ ಬಾಗಿಲವರೆಗೆ ಬಂದು ಆ ಕಟ್ಟನ್ನು ಒಂದ್ಸಲ ಸವರಿದಳು. ಬೇಡ ಅನ್ನಲಿಲ್ಲ.

ಒಂದು ವರ್ಷ ಕಳೆದಿರಬೇಕು. ಒಬ್ಬಳು ಟೀಚರು ಅಕ್ಕನ ಮನೆ ಹುಡುಕಿಕೊಂಡು ಬಂದಳು. ಅಕ್ಕನ ವಾರ್ಡಿನಲ್ಲೇ ಹುಟ್ಟಿದವಳು; ಇವಳು ಹುಟ್ಟಿದ ಎರಡನೇ ದಿನವೇ ತಾಯಿ ತೀರಿಕೊಂಡಿದ್ದಳು.

"ನೀವು ಬರೆದಿಟ್ಕೊಂಡಿದ್ದೀರಂತೆ. ನಮ್ಮಮ್ಮ ನನ್ನ ನೋಡಿ ಏನಂದ್ರು ಅಂತ ಇದೆಯಾ ಸಿಸ್ಟರ್?"

"ಇದೆಯಮ್ಮ. ಆ ಹೆರಿಗೆ ನಾನು ಮರೆಯೋ ಹಾಗಿಲ್ಲ. ಮಾತು ಮಾತ್ರ ಬಾಯಿಗೆ ಬರ್ತಿಲ್ಲ, ಓದಿಯೇ ಹೇಳಬೇಕು. ಈ ಯಂತ್ರ ಬೇರೆ ಯಾಕೋ ತೆವಳ್ತಿದೆ. ನನ್ನ ತಮ್ಮ ಸರಿಮಾಡ್ತಾನೆ. ಭಾನುವಾರ ಬಾ."

ಬುಧವಾರ ಗ್ಯಾರಂಟಿ ಬಂದ. ಅಕ್ಕನ ಬರಹವನ್ನೆಲ್ಲ ಡಿ ಡ್ರೈವಿಗೆ ಸರಿಸಿ, ಸಿ ಡ್ರೈವನ್ನು ಅಳಿಸಿ ಹೊಸ ಓಎಸ್ ಹಾಕಿದ.

"ಡಿ ಅಂದ್ರೆ ಬೇರೆ ಪೆಟ್ಟಿಗೆಯೇನೋ?" ಅಂತ ಅಕ್ಕ ಕೇಳಿದಳು.

"ಬೇರೆ ಕೋಣೆ ಅಂದ್ಕೋ. ಸಿ ಕೋಣೆ ಮಾತ್ರ ಗುಡಿಸ್ತೀನಿ, ಡಿ ಕೋಣೆಗೆ ಬೀಗ. ಒಂದಕ್ಷರ ಅಲುಗಲ್ಲ, ಗ್ಯಾರಂಟಿ."

ಹೊಸ ಓಎಸ್ ಬಂದರೂ ಯಂತ್ರದ ಚಾಳಿ ಬದಲಾಗಲಿಲ್ಲ. ಒಂದು ಫೈಲ್ ತೆರೆಯೋಕೆ ಕೊಟ್ಟು ಕಾಫಿ ಕುಡಿದು ಲೋಟ ತೊಳೆದು ಬರಬಹುದಿತ್ತು. ಗುರುವಾರ ಧೂಳು ಊದಿದ, ರ‍್ಯಾಮ್ ಕಿತ್ತು ಒರೆಸಿ ಹಾಕಿದ, ಇನ್ನೊಂದು ಸಲ ಓಎಸ್ ಹಾಕಿದ. ಊಹೂಂ. ಅಕ್ಕ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಳು. ಮೂವತ್ತಾರು ವರ್ಷ ಹೊಟ್ಟೆಯೊಳಗಿನ ಎದೆಬಡಿತ ಕೇಳಿದ ಕಿವಿ ಅದು.

"ಒಳಗೆ ಟಿಕ್ ಟಿಕ್ ಅಂತ ಏನೋ ತಪ್ಪಿ ತಪ್ಪಿ ಬಡ್ಕೊಳ್ತಿದೆ ಕಣೋ. ನನಗ್ಯಾಕೋ ಸರಿ ಕಾಣ್ತಿಲ್ಲ."

"ಅಕ್ಕಾ, ಇದು ಬಸುರಿ ಹೊಟ್ಟೆ ಅಲ್ಲ!" ಅಂದು ನಕ್ಕ. "ಹಳೇ ಫ್ಯಾನು, ಕೂಗುತ್ತೆ."

ಥೂ, ಅವನ ಬುದ್ಧಿಗಿಷ್ಟು! ಓಎಸ್ ಬದಲಾಯಿಸಿದ ಮೇಲೂ ನಿಧಾನ ಅಂದರೆ ಮೊದಲು ಹಾರ್ಡ್ ಡಿಸ್ಕ್ ನೋಡಬೇಕು ಅನ್ನೋದು ಕೆಲಸಕ್ಕೆ ನಿನ್ನೆ ಸೇರಿದವನಿಗೂ ಗೊತ್ತು. ಸಿ, ಡಿ ಕೋಣೆ ಎರಡಾದರೂ ಮನೆ ಒಂದೇ, ಡಿಸ್ಕ್ ಒಂದೇ. ಮನೆಯೇ ಕುಸಿದರೆ ಬೀಗ ಏನು ಮಾಡುತ್ತೆ? ಅವನ ಜೇಬಿನಲ್ಲಿ ಆಗಲೂ ಎರಡು ಪೆನ್‌ಡ್ರೈವ್ ಇದ್ದವು; ಅಕ್ಕನ ಬರಹಕ್ಕೆ ಒಂದು ನಕಲು ಇಳಿಸಿಡೋಕೆ ಒಂದೇ ಸಾಕಿತ್ತು.

ಶನಿವಾರ ಮಧ್ಯಾಹ್ನ ಮೂರನೇ ಸಲ ಓಎಸ್ ಹಾಕುತ್ತಿದ್ದಾಗ ಪರದೆ ಕಪ್ಪಾಯಿತು. ಒಂದು ದೊಡ್ಡ ಟಕ್. ಆಮೇಲೆ ಸದ್ದೇ ಇಲ್ಲ.

ಗ್ಯಾರಂಟಿ ಡಿಸ್ಕ್ ಕಿತ್ತುಕೊಂಡು, ಕೆಟ್ಟ ಡಿಸ್ಕಿನಿಂದ ಫೈಲ್ ತೆಗೆದುಕೊಡುವವನ ಹತ್ತಿರ ಓಡಿದ. ಅವನು ಬಿಚ್ಚಿ ನೋಡಿ ಅಡ್ಡಡ್ಡ ತಲೆಯಾಡಿಸಿದ. "ಒಳಗಿನ ತಟ್ಟೆಯೇ ಗೀರಿಹೋಗಿದೆ. ಮೊದಲ ದಿನ ತಂದಿದ್ರೆ ಅಷ್ಟೂ ತೆಗೆದುಕೊಡ್ತಿದ್ದೆ. ಸಾಯ್ತಾ ಇರೋದನ್ನ ಹೀಗೆ ಓಡಿಸಿ ಓಡಿಸಿ ಕೊಂದಿದ್ಯಾರು?"

"ಯಾರೋ ಒಬ್ಬ" ಅಂದ ಗ್ಯಾರಂಟಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ರದ್ದಿ ಅಂಗಡಿಗೂ ಹೋದ. ಹೋದ ವರ್ಷದ ಕಟ್ಟು ಕೇಳಿದ್ದಕ್ಕೆ ಅಂಗಡಿಯವನು ಇವನ ಮುಖವನ್ನೇ ನೋಡಿದ.

ಭಾನುವಾರ ಬೆಳಿಗ್ಗೆ ಟೀಚರು ಬಂದು ಹೊರಗಿನ ಕೋಣೆಯಲ್ಲಿ ಕೂತಳು. ಗ್ಯಾರಂಟಿ ಅಡುಗೆಮನೆಗೆ ನುಗ್ಗಿ ಅಕ್ಕನ ಕೈ ಹಿಡಿದುಕೊಂಡ.

"ಏನಾದ್ರೂ ಒಂದು ಒಳ್ಳೇ ಮಾತು ಹೇಳಿಬಿಡಕ್ಕ. ‘ನನ್ನ ಬಂಗಾರ’ ಅಂದ್ಲು ಅನ್ನು. ಅವಳಿಗೇನು ಗೊತ್ತಾಗುತ್ತೆ?"

ಅಕ್ಕ ಕೈ ಬಿಡಿಸಿಕೊಂಡಳು. "ಅದು ಅವಳಮ್ಮನ ಮಾತು ಕಣೋ. ನನ್ನದಲ್ಲ, ನಿನ್ನದಂತೂ ಅಲ್ವೇ ಅಲ್ಲ. ಹೋಗು, ಏನಾಯ್ತು ಅಂತ ನೀನೇ ಹೇಳು."

ಹೋಗಿ ಹೇಳಿದ. ನೋಟ್‌ಬುಕ್, ಡಿಸ್ಕ್, ಅಕ್ಕ ಕೇಳಿಸಿಕೊಂಡ ಸದ್ದು, ಒಂದನ್ನೂ ಮುಚ್ಚಿಡಲಿಲ್ಲ. "ತಪ್ಪೆಲ್ಲಾ ನನ್ನದಮ್ಮ" ಅಂದ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ ಬಿಡುತ್ತಾ ಕೂತಿದ್ದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

"ನಿಮಗೆ ಒಂಚೂರೂ ನೆನಪಿಲ್ವಾ ಸಿಸ್ಟರ್?"

ಅಕ್ಕ ಕಣ್ಣು ಮುಚ್ಚಿದಳು. "ಚಿಕ್ಕ ಮಾತು. ಹೇಳಿ ನಕ್ಕಳು. ಅವಳು ನಕ್ಕಿದ್ದಕ್ಕೆ ನನಗೂ ನಗು ಬಂತು. ಅಷ್ಟೇ ಕಣಮ್ಮ, ಮಾತು ಹೋಯ್ತು."

"ನಕ್ಕರಾ?"

"ನಕ್ಕಳು."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ಗ್ಯಾರಂಟಿಯನ್ನು ಕೇಳಿದಳು. "ಮುಂದೆ ಯಾವತ್ತಾದ್ರೂ, ಹೊಸ ಮಷೀನು ಗಿಷೀನು ಬಂದ್ರೆ ಸಿಗಬಹುದಾ?"

ಹಳೇ ಚಟಕ್ಕೆ ಅವನ ಬಾಯಿ ‘ಗ್ಯಾರಂಟಿ’ ಅನ್ನೋಕೆ ತೆರೆದುಕೊಂಡು ಅಲ್ಲೇ ನಿಂತಿತು. "ಇಲ್ಲಮ್ಮ" ಅಂದ. "ಸಿಗಲ್ಲ."

ಅವಳು ಹೋದ ಮೇಲೆ ಅಕ್ಕ ಕಪಾಟಿನಿಂದ ಒಂದು ಖಾಲಿ ನೋಟ್‌ಬುಕ್ ತೆಗೆದು, ಟೀಚರು ಹುಟ್ಟಿದ ತಾರೀಕು ಹಾಕಿ, ಮುಂದೆ ‘ನಕ್ಕಳು’ ಅಂತ ಬರೆದಳು. ಕೆಳಗಿನ ಸಾಲಿಗೆ ಪೆನ್ನು ಇಟ್ಟವಳು ಹಾಗೇ ಕೂತಳು.

"ಬೇರೆಯವರದು ಯಾರದಾದ್ರೂ ನೆನಪಾಗ್ತಿದೆಯಾ ಅಕ್ಕ?"

"ಸುಮ್ಮನಿರೋ. ಕೇಳಿಸ್ಕೊಳ್ತಿದೀನಿ."

ಅವನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತ.